ಕುಚ್ಚು ಕಟ್ಟಿದ ಕೈಗೂ ಒಂದು ಹೆಸರಿದೆ



ಮನೆಗೆ ಬಂದ ನೆಂಟರನ್ನು ಬೇಲೂರು-ಹಳೇಬೀಡಿಗೆ ಕರೆದುಕೊಂಡು ಹೋಗದ ಸಂಸಾರ ನಮ್ಮ ಅರಸೀಕೆರೆ ಕಡೆ ಇರಲಾರದು. ಗಂಡಸರು ಗೋಪುರ, ಕಂಬ ಅಂತ ನೋಡುತ್ತಿದ್ದರೆ ನಮ್ಮ ಕಣ್ಣು ಹೋಗುವುದು ಮದನಿಕೆಯರ ಸಿಂಗಾರದ ಮೇಲೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿಯ ಹೊರಗೆ 38, ಒಳಗೆ 4 ಮದನಿಕೆಯರಿದ್ದಾರೆ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ. ಇನ್ನೊಬ್ಬಳ ಸೆರಗನ್ನು ಕೋತಿ ಜಗ್ಗುತ್ತಿದೆ. ಸೊಂಟದ ಪಟ್ಟಿ, ಅದರಿಂದ ಇಳಿಬಿದ್ದ ಎಳೆಗಳು, ತೋಳಬಂದಿ, ತುರುಬು ಎಲ್ಲಾ ಬಳಪದ ಕಲ್ಲಿನಲ್ಲೇ! ಭರತನಾಟ್ಯದ ಹುಡುಗಿಯನ್ನು ಅಣಿ ಮಾಡುವಾಗ, ಮದುಮಗಳಿಗೆ ಡಾಬು, ವಂಕಿ ತೊಡಿಸುವಾಗ ಇವತ್ತಿಗೂ ನಮ್ಮ ಕಣ್ಣ ಮುಂದೆ ಬರುವುದು ಇದೇ ಸೊಬಗು ತಾನೇ?

ಇನ್ನೊಮ್ಮೆ ಹೋದಾಗ ಮದನಿಕೆಯರ ಪೀಠದ ಕಡೆಗೂ ಕಣ್ಣು ಹಾಯಿಸಿ. ಕೆಲವದರ ಮೇಲೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಅಪ್ಪ-ಮಗ ಇಬ್ಬರೂ ರುಜು ಹಾಕಿದ್ದಾರೆ. ನಾವೆಲ್ಲ ಬಾಯಿಪಾಠ ಮಾಡಿರುವುದು ಜಕಣಾಚಾರಿಯ ಹೆಸರು. 1964ರಲ್ಲಿ ಸಿನಿಮಾ ಕೂಡ ಬಂತು. ಆದರೆ ಇಲ್ಲಿನ ಶಾಸನಗಳಲ್ಲಿ ಆ ಹೆಸರು ಸಿಗುವುದಿಲ್ಲ ಅನ್ನುತ್ತಾರೆ ಇತಿಹಾಸ ಬಲ್ಲವರು. ಕಥೆ ಒಬ್ಬನ ಹೆಸರು ಹೇಳಿದರೂ, ಕೆಲಸ ಮಾಡಿದವರು ತಮ್ಮ ಹೆಸರನ್ನು ತಾವೇ ಕೆತ್ತಿಟ್ಟಿದ್ದರಿಂದ ಒಂಬೈನೂರು ವರ್ಷವಾದರೂ ಅದು ಅಳಿದಿಲ್ಲ ನೋಡಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು.

ಉಡುಪಿನ ಲೋಕದಲ್ಲಿ ಹೀಗೆ ರುಜು ಹಾಕುವ ಪದ್ಧತಿ ಬೆಳೆದದ್ದು ಪ್ಯಾರಿಸ್ಸಿನಲ್ಲಿ. 1858ರಲ್ಲಿ ಅಲ್ಲಿ ಅಂಗಡಿ ತೆರೆದ ವರ್ತ್ ಎಂಬ ಇಂಗ್ಲೆಂಡಿನವನು ತಾನು ಹೊಲಿಸಿದ ಗೌನುಗಳ ಒಳಗೆ ತನ್ನ ಹೆಸರಿನ ಪಟ್ಟಿ ಹೊಲಿಸುತ್ತಿದ್ದ. ಆಮೇಲೆ ಬಂದವಳು ಕೊಕೊ ಶನೆಲ್ (1883-1971). ತಾಯಿಯನ್ನು ಕಳೆದುಕೊಂಡು ಅನಾಥಾಲಯದಲ್ಲಿ ಬೆಳೆದು, ಅಲ್ಲಿ ಹೊಲಿಗೆ ಕಲಿತ ಹುಡುಗಿ 1910ರಲ್ಲಿ ಪ್ಯಾರಿಸ್ಸಿನಲ್ಲಿ ಟೋಪಿ ಅಂಗಡಿ ಇಟ್ಟಳು. ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಜರ್ಸಿ ಬಟ್ಟೆಯಲ್ಲಿ ಹೆಂಗಸರಿಗೆ ಸಲೀಸಾದ ಉಡುಪು ಹೊಲಿದಳು. ನಕಲಿ ಮುತ್ತಿನ ಸರಕ್ಕೂ ಗೌರವ ತಂದಳು. ಕೈಗೆ ಬಿಡುವಿರಲಿ ಅಂತ 1955ರಲ್ಲಿ ಬ್ಯಾಗಿಗೆ ಚೈನು ಹಾಕಿ ಹೆಗಲಿಗೇರಿಸಿದಳು. ಯುದ್ಧಕಾಲದಲ್ಲಿ ಅವಳು ಜರ್ಮನರ ಜೊತೆ ಸೇರಿ ನಡೆದುಕೊಂಡ ರೀತಿ ಮೆಚ್ಚುವಂಥದ್ದಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸೂಜಿ ಹಿಡಿದ ಹೆಣ್ಣು ತನ್ನ ಕೆಲಸಕ್ಕೆ ತನ್ನದೇ ಹೆಸರಿಟ್ಟು, ತನ್ನದೇ ಬೆಲೆ ಕಟ್ಟಿದಳಲ್ಲ, ಆ ಪಾಠ ನಮಗೆ ಬೇಕು.

ಯಾಕೆಂದರೆ, ನಮ್ಮೂರುಗಳಲ್ಲಿ ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ ಸೀರೆಗೆ ಕುಚ್ಚು ಕಟ್ಟುವ, ಫಾಲ್ಸ್ ಹಾಕುವ, ರವಿಕೆ ಹೊಲಿಯುವ ಹೆಣ್ಣುಮಕ್ಕಳು ಬೀದಿಗೊಬ್ಬರಿದ್ದಾರೆ. ಸೀರೆಗೆ ಅಂಗಡಿಯ ಹೆಸರು, ರವಿಕೆಗೆ ಟೈಲರಿನ ಹೆಸರು. ಮಣಿ ಪೋಣಿಸಿ ಕಣ್ಣು ಮಂಜಾದವಳಿಗೆ ಏನು? “ಮನೇಲಿ ಸುಮ್ನೆ ಕೂತಿರ್ತೀಯಲ್ಲಮ್ಮಾ, ಇಷ್ಟು ಸಾಕು” ಅನ್ನುವ ಮಾತು! ಸುಮ್ಮನೆ ಕೂತವಳ ಕೈಯಿಂದ ಕುಚ್ಚು ಬರುತ್ತದೆಯೇ?

ಇಂಥ ಕೆಲಸ ಮಾಡುವ ಸೋದರಿಯರಿಗೆ ನನ್ನ ನಾಲ್ಕು ಮಾತು:

ರೇಷ್ಮೆ ದಾರ, ಮಣಿಯ ಖರ್ಚನ್ನು ಬೇರೆ ಬರೆಯಿರಿ. ಕೂಲಿಯನ್ನು ಅದರೊಳಗೆ ಸೇರಿಸಬೇಡಿ.

ಒಂದು ಸೀರೆಗೆ ಎಷ್ಟು ಗಂಟೆ ಹಿಡಿಯಿತು ಅಂತ ಗಡಿಯಾರ ನೋಡಿ ಬರೆದಿಡಿ. ಬೆಲೆ ಹೇಳುವಾಗ ನಾಲಿಗೆ ತೊದಲುವುದಿಲ್ಲ.

ದಾರದ ದುಡ್ಡನ್ನು ಮುಂಗಡವಾಗಿ ಕೇಳಿ. ನೆಂಟರಾದರೂ ಸರಿಯೇ.

ಕಟ್ಟಿದ ಪ್ರತಿ ಸೀರೆಗೂ ನಿಮ್ಮ ಹೆಸರು ಬರೆದ ಪುಟ್ಟ ಚೀಟಿ ಸಿಕ್ಕಿಸಿ ಕೊಡಿ. ರವಿಕೆಯಾದರೆ ಒಳಗೆ ಬೆರಳಗಲದ ಪಟ್ಟಿಯ ಮೇಲೆ ಹೆಸರು ಹೊಲಿಯಿರಿ.

ಹೊಲಿಸಿಕೊಳ್ಳುವ ನಮಗೂ ಒಂದು ಮಾತಿದೆ. “ಕುಚ್ಚು ಚೆನ್ನಾಗಿದೆ, ಎಲ್ಲಿ ಹಾಕಿಸಿದ್ರಿ?” ಅಂತ ಮದುವೆಮನೆಯಲ್ಲಿ ಯಾರಾದರೂ ಕೇಳಿದರೆ ಅಂಗಡಿಯ ಹೆಸರು ಹೇಳಬೇಡಿ, ಕಟ್ಟಿದವಳ ಹೆಸರು ಹೇಳಿ. ಚೌಕಾಸಿ ಮಾಡಿ ಹತ್ತು ರೂಪಾಯಿ ಉಳಿಸುವುದಕ್ಕಿಂತ ಅದು ದೊಡ್ಡ ಉಪಕಾರ.