ಬಾಕಿ ಪಾವತಿ ಮತ್ತು ಮನಸ್ಸಿನ ಆರೋಗ್ಯ

ವರ್ಷಕ್ಕೊಮ್ಮೆ ಲಾಭ-ನಷ್ಟದ ಲೆಕ್ಕ ಪರಿಶೀಲಿಸುವ ನಾವು, ಆ ಲೆಕ್ಕದ ಭಾರ ಹೊರುವ ಮನಸ್ಸಿನ ಸ್ಥಿತಿಯನ್ನು ವಿಚಾರಿಸುವುದಿಲ್ಲ. ಮನೋವ್ಯಾಧಿಯು ವ್ಯಕ್ತಿಯ ದೌರ್ಬಲ್ಯವೆಂಬ ಭಾವನೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಅಂಕಿ-ಅಂಶಗಳು ಬೇರೆಯೇ ಹೇಳುತ್ತವೆ.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಕಡಿಮೆ ಆದಾಯದ ಕುಟುಂಬಗಳಲ್ಲಿ ಈ ಪ್ರಮಾಣ ಹೆಚ್ಚಾಗಿತ್ತು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಪೈಕಿ ಕಾಲುಭಾಗಕ್ಕೂ ಮಿಕ್ಕಿ ದಿನಗೂಲಿಯವರೇ ಇದ್ದರು. ಸಾಲ ನಿದ್ದೆಯನ್ನು ಕೆಡಿಸುತ್ತದೆ; ನಿದ್ದೆಗೆಟ್ಟವನ ಕೆಲಸ ಕೆಡುತ್ತದೆ; ಕೆಲಸ ಕೆಟ್ಟರೆ ಗಳಿಕೆ ಇಳಿದು ಸಾಲ ಮತ್ತೆ ಬೆಳೆಯುತ್ತದೆ.

ಉದ್ಯಮಬಾಗದ ಫೌಂಡ್ರಿ ಕಾರ್ಮಿಕರಿಗೂ ವಡಗಾವಿ, ಖಾಸಬಾಗದ ನೇಕಾರರಿಗೂ ಈ ಸುಳಿ ಅಪರಿಚಿತವಲ್ಲ. ಸಣ್ಣ ಶೆಡ್ಡಿನ ಮಾಲೀಕನೂ ಇದರಿಂದ ಹೊರತಲ್ಲ. ಮಾಲು ಕಳುಹಿಸಿ ನಾಲ್ಕು ತಿಂಗಳಾದರೂ ಬಿಲ್ಲಿನ ಹಣ ಬಾರದಿದ್ದಾಗ, ವಾರದ ಪಗಾರ, ವಿದ್ಯುತ್ ಬಿಲ್ಲು, ಬ್ಯಾಂಕಿನ ಕಂತುಗಳು ಮಾತ್ರ ಕಾಯುವುದಿಲ್ಲ. ಅವನ ಚಿಂತೆಯೇ ತಡವಾದ ಪಗಾರವಾಗಿ ಕಾರ್ಮಿಕನ ಮನೆ ಸೇರುತ್ತದೆ.

2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯು ಸೂಕ್ಷ್ಮ ಹಾಗೂ ಸಣ್ಣ ಉದ್ದಿಮೆಗಳ ಬಾಕಿಯನ್ನು ಹೆಚ್ಚೆಂದರೆ 45 ದಿನಗಳೊಳಗೆ ತೀರಿಸಬೇಕೆಂದು ವಿಧಿಸಿದೆ. ತಪ್ಪಿದರೆ ಚಕ್ರಬಡ್ಡಿ ತೆರಬೇಕು. ಆದರೆ ಮುಂದಿನ ಆರ್ಡರು ಕೈತಪ್ಪೀತೆಂಬ ಅಂಜಿಕೆಯಿಂದ ದೂರು ಕೊಡಲು ಸಣ್ಣವರು ಹಿಂಜರಿಯುತ್ತಾರೆ. ಆದ್ದರಿಂದ ಇಲ್ಲಿ ಮೊದಲ ಹೆಜ್ಜೆ ಇಡಬೇಕಾದವರು ಕೊಳ್ಳುವವರು, ಅಂದರೆ ನಮ್ಮೊಳಗಿನ ದೊಡ್ಡವರು.

ಚಿಕಿತ್ಸೆಯ ಮಾತಿಗೆ ಬಂದರೆ, ನಮ್ಮ ನೆಹರು ನಗರದ ಕೆ.ಎಲ್.ಇ. ಆಸ್ಪತ್ರೆಯಲ್ಲೂ ಸರಕಾರಿ ಬಿಮ್ಸ್‌ನಲ್ಲೂ ಮನೋವೈದ್ಯರಿದ್ದಾರೆ. ಆದರೆ ಖಾನಾಪುರದ ಕೂಲಿಕಾರನು ಇಲ್ಲಿಗೆ ಬರಬೇಕಾದರೆ ಒಂದು ದಿನದ ಕೂಲಿಯನ್ನೇ ಬಿಡಬೇಕು. ಆ ದಿನದ ಪಗಾರ ಕಡಿಯದಿರುವುದು ಮಾಲೀಕರ ಕೈಯಲ್ಲಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸೇವೆಯ 14416 ಸಂಖ್ಯೆಯನ್ನು ಪ್ರತಿ ಕಾರ್ಖಾನೆಯ ಗೋಡೆಯ ಮೇಲೆ ಬರೆಸಲು ಹೆಚ್ಚಿನ ಖರ್ಚೇನೂ ತಗಲದು.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ: ಈ ತಿಂಗಳು ನಿಮ್ಮ ಖಾತೆ ಪುಸ್ತಕ ತೆರೆದು, 45 ದಿನ ಮೀರಿದ ಸಣ್ಣವರ ಬಾಕಿಯನ್ನು ಮೊದಲು ತೀರಿಸಿರಿ. ಔಷಧವು ವೈದ್ಯರ ಕೆಲಸ. ಕಾಯಿಲೆಯ ಒಂದು ಕಾರಣವನ್ನು ತೆಗೆಯುವುದು ನಮ್ಮ ಕೆಲಸ.