ಗೋಡೆ ಅವರದು, ಗಂಟುಮೂಟೆ ನಿಮ್ಮದು



ಓದು ಮುಗಿಸಿ, ಕೆಲಸ ಹಿಡಿದು, ಅಪ್ಪ-ಅಮ್ಮನ ಮನೆ ಬಿಟ್ಟು ಪುಣೆಗೋ ಹೈದರಾಬಾದಿಗೋ ಹೊರಡುವ ವಯಸ್ಸು ನಿಮ್ಮದು. ಬಾಡಿಗೆ ಮನೆ ನೋಡುವಾಗ ನೀವು ಕೇಳುವುದು ಮೂರೇ ಪ್ರಶ್ನೆ: ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು, ನೀರು ಎಷ್ಟು ಹೊತ್ತು ಬರುತ್ತದೆ? ನಾಲ್ಕನೆಯದೂ ಒಂದಿದೆ. ಮನೆಗೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ ನಷ್ಟ ಯಾರದು?

ಮಾಲೀಕರ ವಿಮೆ ಇದೆಯಲ್ಲ ಎನ್ನಬೇಡಿ. ಅವರ ವಿಮೆ ಕಾಯುವುದು ಅವರ ಆಸ್ತಿಯನ್ನು. ನಿಮ್ಮ ಲ್ಯಾಪ್‌ಟಾಪ್, ಹಾಸಿಗೆ, ಅಮ್ಮ ಕಟ್ಟಿಕೊಟ್ಟ ಪಾತ್ರೆ-ಪಡಗ ಅದರಲ್ಲಿ ಸೇರುವುದಿಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. ನೀರು ಇಳಿದ ಮೇಲೆ ಎಷ್ಟೋ ಮನೆಗಳಲ್ಲಿ ಗೋಡೆ ಗಟ್ಟಿಯಾಗಿಯೇ ನಿಂತಿತ್ತು. ಹಾಳಾದದ್ದು ಒಳಗಿನ ಸಾಮಾನು.

ಅಮೆರಿಕದಲ್ಲಿ ಅನೇಕ ಮಾಲೀಕರು ಬಾಡಿಗೆದಾರರ ವಿಮೆಯ ಕಾಗದ ನೋಡದೆ ಬೀಗದ ಕೈ ಕೊಡುವುದಿಲ್ಲ. ನಮ್ಮಲ್ಲೂ ಹಾಗೆ ಕಡ್ಡಾಯ ಮಾಡಬೇಕೇ?

ಮಾಲೀಕರ ಕಡೆಯಿಂದಲೂ ಯೋಚಿಸಿ. ನೀವು ಇಸ್ತ್ರಿಪೆಟ್ಟಿಗೆ ಆರಿಸದೆ ಆಫೀಸಿಗೆ ಹೋಗಿ ಮನೆ ಸುಟ್ಟರೆ, ಅವರಿಗೆ ಹಣ ಕೊಟ್ಟ ವಿಮಾ ಕಂಪನಿ ಅದನ್ನು ನಿಮ್ಮಿಂದ ವಸೂಲು ಮಾಡಲು ಬರಬಹುದು. ಆ ಹೊರೆ ಹೊರಲು ನಿಮ್ಮ ಸಂಬಳ ಸಾಕೇ? ಆದ್ದರಿಂದ ವಿಮೆ ಕೇಳುವುದು ಅನ್ಯಾಯವಲ್ಲ.

ಆದರೆ ತಿಂಗಳುಗಟ್ಟಲೆ ಬಾಡಿಗೆಯನ್ನು ಡಿಪಾಸಿಟ್ ಎಂದು ಇಟ್ಟುಕೊಂಡು, ಮೇಲೆ ವಿಮೆಯನ್ನೂ ಕೇಳಿದರೆ ಎರಡೂ ಕೈಯಲ್ಲಿ ಬಾಚಿದಂತೆ. 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಬೇಡ ಎನ್ನುತ್ತದೆ. ಆದರೆ ರಾಜ್ಯಗಳು ಒಪ್ಪಿ ಕಾನೂನು ಮಾಡಿದಲ್ಲಿ ಮಾತ್ರ ಅದು ನಡೆಯುತ್ತದೆ. ನನ್ನ ಅಭಿಪ್ರಾಯ ಇಷ್ಟೇ: ಡಿಪಾಸಿಟ್ ಇಳಿಸುವ ಮಾಲೀಕರು ವಿಮೆ ಕೇಳಲಿ, ಕಂಪನಿಯನ್ನು ಆರಿಸುವುದು ನಿಮಗಿರಲಿ. ಡಿಪಾಸಿಟ್ ಇಳಿಸದವರಿಗೆ ಕಡ್ಡಾಯ ಮಾಡುವ ಹಕ್ಕಿಲ್ಲ.

ಹಾಗೆಂದು ಅವರು ಕೇಳಲಿ ಎಂದು ನೀವು ಕಾಯಬೇಕಿಲ್ಲ. 2021ರ ಏಪ್ರಿಲ್ 1ರಿಂದ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯನ್ನು ಕಟ್ಟಡ ಬಿಟ್ಟು ಸಾಮಾನಿಗಷ್ಟೇ ಮಾಡಿಸಬಹುದು. ಬೆಂಕಿ, ನೆರೆ, ಭೂಕಂಪ, ಬಿರುಗಾಳಿ ಅದರಲ್ಲಿ ಸೇರಿವೆ. ಬರಿಯ ಕಳ್ಳತನ ಸೇರಿಲ್ಲ. ಇಂಥ ಅನಾಹುತವಾದ ಏಳು ದಿನದೊಳಗೆ ಅದರಿಂದಾಗಿ ನಡೆದ ಕಳವಿಗೆ ಮಾತ್ರ ಪರಿಹಾರ. ಕನ್ನಗಳವು, ಒಡವೆ, ಇತರರಿಗೆ ನಿಮ್ಮಿಂದಾದ ನಷ್ಟದ ಹೊಣೆ, ಇವಕ್ಕೆ ಪ್ರತ್ಯೇಕ ರಕ್ಷಣೆ ಕೇಳಿ ಪಡೆಯಿರಿ. ಸಾಮಾನಿನ ಬಿಲ್ಲು, ಫೋಟೋಗಳ ಒಂದು ಪ್ರತಿ ಅಪ್ಪ-ಅಮ್ಮನ ಮನೆಯಲ್ಲಿರಲಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೀರಲ್ಲವೇ? ಕರಾರು ಪತ್ರಕ್ಕೆ ಸಹಿ ಹಾಕುವ ದಿನವೇ ಬಾಗಿಲು ಹಾಕಿಬಿಡಿ.