ಬಣ್ಣದ ಜೊತೆ ಸೂಚಿಯೂ ಇರಲಿ

ಮಕ್ಕಳೇ, ಆಕಾಶದ ಬಣ್ಣಬಣ್ಣದ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಶಾಲೆಯ ಗೋಡೆಯ ಮೇಲೆ ನೋಡಿರುತ್ತೀರಿ. ಅವುಗಳಲ್ಲಿ ಬಹಳ ಹೆಸರುವಾಸಿಯಾದದ್ದು ‘ಸೃಷ್ಟಿಯ ಕಂಬಗಳು’. ಇದು ನಮ್ಮಿಂದ ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿರುವ ಹದ್ದು ನೀಹಾರಿಕೆಯ ಒಂದು ಭಾಗ. 1995ರ ಏಪ್ರಿಲ್ 1ರಂದು ಹಬಲ್ ಬಾಹ್ಯಾಕಾಶ ದೂರದರ್ಶಕ ಇದರ ಚಿತ್ರ ತೆಗೆಯಿತು. ಹಸಿರು, ನೀಲಿ ಹೊಗೆಯ ನಡುವೆ ಕಂದು ಬಣ್ಣದ ಮೂರು ಕಂಬಗಳು ಎದ್ದು ನಿಂತಂತೆ ಕಾಣುತ್ತದೆ. ನೋಡಲು ಬಹಳ ಚೆಂದ.

ಈಗ ಒಂದು ಪ್ರಶ್ನೆ. ನಾವು ಅಲ್ಲಿಗೇ ಹೋಗಿ ನೋಡಿದರೆ ಆ ಹಸಿರು, ಆ ನೀಲಿ ಹಾಗೆಯೇ ಕಾಣುತ್ತದೆಯೇ? ಇಲ್ಲ! ಹಾಗಾದರೆ ವಿಜ್ಞಾನಿಗಳು ನಮಗೆ ಸುಳ್ಳು ಹೇಳಿದರೇ? ಅದೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಚಿತ್ರದ ಜೊತೆಗೆ ಇರಲೇಬೇಕಾದ ಒಂದು ಸಾಲು ಅನೇಕ ಸಲ ಕಾಣೆಯಾಗುತ್ತದೆ. ಆ ಸಾಲು ಯಾವುದು, ಅದನ್ನು ನೀವು ಏಕೆ ಕೇಳಿ ಪಡೆಯಬೇಕು ಎಂಬುದನ್ನು ನೋಡೋಣ.

ಬೆಳಕೇ ಗುರುತಿನ ಚೀಟಿ

ಒಲೆಯ ಉರಿಗೆ ಉಪ್ಪಿನ ಹರಳು ಬಿದ್ದಾಗ ಉರಿ ಹಳದಿಯಾಗುವುದನ್ನು ಗಮನಿಸಿದ್ದೀರಾ? ಅದು ಉಪ್ಪಿನಲ್ಲಿರುವ ಸೋಡಿಯಂ ಬೀರುವ ಬೆಳಕು. ಹೀಗೆ ಪ್ರತಿಯೊಂದು ಧಾತುವೂ ತನ್ನದೇ ಆದ ಬಣ್ಣಗಳ ಬೆಳಕನ್ನು ಬೀರುತ್ತದೆ. ನೀಹಾರಿಕೆಗಳಲ್ಲಿಯೂ ಹಾಗೆಯೇ. ಅಲ್ಲಿರುವ ಬಿಸಿ ನಕ್ಷತ್ರಗಳ ಅತಿನೇರಳೆ ಕಿರಣಗಳು ಬಡಿದಾಗ ಸುತ್ತಲಿನ ಅನಿಲ ಬೆಳಗುತ್ತದೆ. ಜಲಜನಕದ ಬೆಳಕಿನ ತರಂಗಾಂತರ 656 ನ್ಯಾನೊಮೀಟರ್, ಅದು ಕೆಂಪು. ಗಂಧಕದ್ದು ಸುಮಾರು 673 ನ್ಯಾನೊಮೀಟರ್; ಅದೂ ಕೆಂಪೇ. ಆಮ್ಲಜನಕದ್ದು ಸುಮಾರು 501 ನ್ಯಾನೊಮೀಟರ್; ಅದು ತುಸು ನೀಲಿ ಬೆರೆತ ಹಸಿರು.

ಈ ಹಸಿರು ಬೆಳಕಿಗೆ ಒಂದು ಸ್ವಾರಸ್ಯಕರ ಕಥೆಯಿದೆ. 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗಿನ್ಸ್ ನೀಹಾರಿಕೆಯೊಂದರ ರೋಹಿತದಲ್ಲಿ ಹಸಿರು ಗೆರೆಗಳನ್ನು ಕಂಡರು. ಭೂಮಿಯ ಮೇಲೆ ಗೊತ್ತಿದ್ದ ಯಾವ ಧಾತುವಿಗೂ ಅವು ಸರಿಹೊಂದಲಿಲ್ಲ. ಇದು ಹೊಸ ಧಾತುವೇ ಇರಬೇಕೆಂದು ಬಗೆದು ಅದಕ್ಕೆ ‘ನೆಬ್ಯುಲಿಯಂ’ ಎಂಬ ಹೆಸರನ್ನೂ ಇಟ್ಟಿದ್ದರು! ಆರು ದಶಕಗಳ ನಂತರ, 1927ರಲ್ಲಿ, ಅಮೆರಿಕದ ಇರಾ ಬೋವೆನ್ ಗುಟ್ಟನ್ನು ಬಿಡಿಸಿದರು. ಅದು ನಾವು ಉಸಿರಾಡುವ ಆಮ್ಲಜನಕವೇ. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು, ಬಹಳ ತೆಳುವಾದ ಅನಿಲದಲ್ಲಿದ್ದಾಗ ಅದು ಹೀಗೆ ಬೆಳಗುತ್ತದೆ. ಒಂದು ಬಣ್ಣವನ್ನು ಸರಿಯಾಗಿ ಓದಲು ಎಷ್ಟು ವರ್ಷ ಬೇಕಾಯಿತು ನೋಡಿ.

ಮೂರು ಸೇರಿ ಒಂದು

ಹಬಲ್‌ನ ಕ್ಯಾಮೆರಾ ತನ್ನ ಮೇಲೆ ಬಿದ್ದ ಬೆಳಕು ಎಷ್ಟು ಎಂದು ಅಳೆಯುತ್ತದೆ. ಅದರ ಬಣ್ಣ ಯಾವುದು ಎಂದು ಹೇಳಲಾರದು. ಆದ್ದರಿಂದ ಅದು ಕೊಡುವುದು ಕಪ್ಪು ಬಿಳುಪು ಚಿತ್ರ. ಹಾಗಾಗಿ ಕ್ಯಾಮೆರಾದ ಮುಂದೆ ಒಂದು ಫಿಲ್ಟರ್ ಇಡುತ್ತಾರೆ. ಈ ಫಿಲ್ಟರ್ ಜರಡಿಯ ಹಾಗೆ. ಕೆಲವೇ ನ್ಯಾನೊಮೀಟರ್ ಅಗಲದ ಒಂದು ಪಟ್ಟಿಯ ಬೆಳಕನ್ನು ಮಾತ್ರ ಒಳಗೆ ಬಿಟ್ಟು ಉಳಿದದ್ದನ್ನೆಲ್ಲ ತಡೆಯುತ್ತದೆ. 1995ರಲ್ಲಿ ಗಂಧಕಕ್ಕೆ ಒಂದು, ಜಲಜನಕಕ್ಕೆ ಒಂದು, ಆಮ್ಲಜನಕಕ್ಕೆ ಒಂದು ಎಂದು ಮೂರು ಫಿಲ್ಟರುಗಳನ್ನು ಬಳಸಿ ಬೇರೆ ಬೇರೆ ಚಿತ್ರಗಳನ್ನು ತೆಗೆದರು.

ಆಮೇಲೆ ಅವುಗಳನ್ನು ಒಂದರ ಮೇಲೊಂದು ಇಟ್ಟು, ನಕ್ಷತ್ರಗಳು ಒಂದೇ ಜಾಗದಲ್ಲಿ ಕೂರುವಂತೆ ಹೊಂದಿಸಬೇಕು. ಬಳಿಕ ಗಂಧಕದ ಚಿತ್ರಕ್ಕೆ ಕೆಂಪು, ಜಲಜನಕದ ಚಿತ್ರಕ್ಕೆ ಹಸಿರು, ಆಮ್ಲಜನಕದ ಚಿತ್ರಕ್ಕೆ ನೀಲಿ ಬಣ್ಣ ಕೊಟ್ಟು ಕೂಡಿಸುತ್ತಾರೆ. ಜಲಜನಕ ನಿಜವಾಗಿ ಕೆಂಪು, ಚಿತ್ರದಲ್ಲಿ ಮಾತ್ರ ಹಸಿರು!

ಹೀಗೇಕೆ ಮಾಡಬೇಕು? ನಿಜವಾದ ಬಣ್ಣವನ್ನೇ ಕೊಟ್ಟರೆ ಆಗದೇ? ಎಂದು ನೀವು ಕೇಳಬಹುದು. ಅನೇಕ ದೊಡ್ಡವರೂ ಹೀಗೆಯೇ ಹೇಳುತ್ತಾರೆ. ಆದರೆ ಯೋಚಿಸಿ. ಜಲಜನಕ, ಗಂಧಕ ಎರಡಕ್ಕೂ ಕೆಂಪು ಬಳಿದರೆ ಯಾವುದು ಎಲ್ಲಿದೆ ಎಂದು ನಮ್ಮ ಕಣ್ಣಿಗೆ ತಿಳಿಯುವುದೇ ಇಲ್ಲ. ಕಷ್ಟಪಟ್ಟು ಬೇರೆ ಮಾಡಿದ್ದನ್ನು ಮತ್ತೆ ಬೆರೆಸಿ ಕೆಡಿಸಿದಂತಾಗುತ್ತದೆ. ಇನ್ನೊಂದು ಮಾತು: ಬಣ್ಣಗಳನ್ನು ಮನಸ್ಸಿಗೆ ಬಂದಂತೆ ಹಂಚಿಲ್ಲ. ಹೆಚ್ಚು ತರಂಗಾಂತರದ್ದಕ್ಕೆ ಕೆಂಪು, ನಡುವಿನದಕ್ಕೆ ಹಸಿರು, ಕಡಿಮೆಯದಕ್ಕೆ ನೀಲಿ. ಕಾಮನಬಿಲ್ಲಿನಲ್ಲಿಯೂ ಬಣ್ಣಗಳ ಕ್ರಮ ಇದೇ ಅಲ್ಲವೇ?

ಭೂಪಟ ಸುಳ್ಳು ಹೇಳುತ್ತದೆಯೇ?

ನಿಮ್ಮ ತರಗತಿಯ ಕರ್ನಾಟಕ ಭೂಪಟವನ್ನು ನೆನಪಿಸಿಕೊಳ್ಳಿ. ಅದರಲ್ಲಿ ಒಂದು ಜಿಲ್ಲೆ ಗುಲಾಬಿ, ಪಕ್ಕದ್ದು ಹಳದಿ. ಜಿಲ್ಲೆಯ ಗಡಿ ದಾಟಿದ ಕೂಡಲೇ ನೆಲ ಹಳದಿಯಾಗುತ್ತದೆಯೇ? ಇಲ್ಲ. ಆದರೂ ಭೂಪಟ ಸುಳ್ಳು ಎಂದು ಯಾರೂ ಹೇಳುವುದಿಲ್ಲ. ಏಕೆಂದರೆ ಬಣ್ಣ ಬೇರ್ಪಡಿಸಿ ತೋರಿಸಲು ಮಾತ್ರ ಇದೆ ಎಂದು ನಮಗೆ ಗೊತ್ತು. ಮೂಲೆಯಲ್ಲಿ ಸೂಚಿಯೂ ಇರುತ್ತದೆ. ನೀಹಾರಿಕೆಯ ಚಿತ್ರವೂ ಒಂದು ಬಗೆಯ ಭೂಪಟವೇ. ಅದು ಯಾವ ಅನಿಲ ಎಲ್ಲಿ ಬೆಳಗುತ್ತಿದೆ ಎಂದು ತೋರಿಸುತ್ತದೆ. ಸೂಚಿ ಇಲ್ಲದಿದ್ದರೆ ಮಾತ್ರ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ.

1995ರಲ್ಲಿ ಈ ಚಿತ್ರವನ್ನು ಬಿಡುಗಡೆ ಮಾಡಿದಾಗ ಯಾವ ಬಣ್ಣ ಯಾವ ಧಾತು ಎಂದು ವಿವರಣೆಯಲ್ಲೇ ಬರೆದಿದ್ದರು. ಆದರೆ ಚಿತ್ರ ಕೈಯಿಂದ ಕೈಗೆ ದಾಟುವಾಗ ಆ ಸಾಲು ಕಳಚಿ ಬೀಳುತ್ತದೆ. ಚಿತ್ರ ಮಾತ್ರ ಉಳಿಯುತ್ತದೆ. ಅದನ್ನು ಹಾಗೆಯೇ ನಂಬಿದ ಹುಡುಗನಿಗೋ ಹುಡುಗಿಗೋ ಮುಂದೊಂದು ದಿನ ಯಾರಾದರೂ ‘ಆ ಬಣ್ಣವೆಲ್ಲ ಕಂಪ್ಯೂಟರಿನಲ್ಲಿ ಹಾಕಿದ್ದು’ ಎಂದರೆ ಏನಾಗುತ್ತದೆ? ಇದು ಸುಳ್ಳಾದರೆ ಚಂದ್ರಯಾನ ಕಳಿಸಿದ ಚಿತ್ರವೂ ಸುಳ್ಳಿರಬೇಕು ಎಂಬ ಅನುಮಾನ ಹುಟ್ಟುತ್ತದೆ. ಒಂದು ಸಾಲು ಉಳಿಸಲು ಹೋಗಿ ವಿಜ್ಞಾನದ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಇದೇ ಕಂಬಗಳನ್ನು ಅವಕೆಂಪು ಬೆಳಕಿನಲ್ಲಿ ಚಿತ್ರಿಸಿತು. ಆ ಬೆಳಕು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವ ಬಣ್ಣ ಕೊಡದೆ ಬೇರೆ ದಾರಿಯೇ ಇಲ್ಲ. ಎರಡೂ ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ಒಂದೇ ಜಾಗ ಬೇರೆ ಬೇರೆಯಾಗಿ ಕಾಣುತ್ತದೆ. ಎರಡೂ ಸರಿಯೇ. ಸೂಚಿ ಓದಿದವರಿಗೆ ಇದು ಅರ್ಥವಾಗುತ್ತದೆ. ಓದದವರು ಯಾವುದು ನಿಜ ಎಂದು ಜಗಳವಾಡುತ್ತಾರೆ.

ಸೂಚಿಯಲ್ಲಿ ಇನ್ನೊಂದು ವಿಷಯವೂ ಇರಬೇಕು. ಸಾಮಾನ್ಯವಾಗಿ ನೀಹಾರಿಕೆಗಳಲ್ಲಿ ಜಲಜನಕದ ಬೆಳಕು ಬಹಳ ಪ್ರಬಲ. ಮೂರನ್ನೂ ಇದ್ದ ಹಾಗೆಯೇ ಕೂಡಿಸಿದರೆ ಚಿತ್ರವೆಲ್ಲ ಹಸಿರಾಗಿಬಿಡುತ್ತದೆ. ಅದಕ್ಕೆ ಗಂಧಕ, ಆಮ್ಲಜನಕದ ಚಿತ್ರಗಳನ್ನು ಹೆಚ್ಚು ಬೆಳಗಿಸುತ್ತಾರೆ. ಕೆಂಪು, ನೀಲಿ ಹೆಚ್ಚಾದ್ದರಿಂದ ಇಂಥ ಚಿತ್ರಗಳಲ್ಲಿ ನಕ್ಷತ್ರಗಳು ಗುಲಾಬಿಯಾಗಿ ಕಾಣುವುದುಂಟು. ಅದು ನಕ್ಷತ್ರದ ಸ್ವಂತ ಬಣ್ಣವಲ್ಲ. ಹಾಗೆಯೇ ಎಲ್ಲೆಲ್ಲೂ ನೀಲಿ ಕಂಡಿತೆಂದು ಆಮ್ಲಜನಕವೇ ಹೆಚ್ಚು ಎಂದುಕೊಳ್ಳಬಾರದು. ಲೆಕ್ಕ ಬೇಕಾದಾಗ ವಿಜ್ಞಾನಿಗಳು ಅಳೆಯುವುದು ಮೂಲದ ಕಪ್ಪು ಬಿಳುಪು ಚಿತ್ರಗಳನ್ನೇ.

ನೀವೂ ಮಾಡಿ ನೋಡಿ. ಬಿಳಿ ಹಾಳೆಯ ಮೇಲೆ ಕೆಂಪು ಮತ್ತು ಹಸಿರು ಸ್ಕೆಚ್ ಪೆನ್ನಿನಿಂದ ಒಂದೊಂದು ಹೆಸರು ಬರೆಯಿರಿ. ಕೆಂಪು ಜಿಲೇಟಿನ್ ಕಾಗದದ ಮೂಲಕ ನೋಡಿ. ಕೆಂಪು ಹೆಸರು ಹೆಚ್ಚುಕಡಿಮೆ ಮಾಯವಾಗಿ, ಹಸಿರು ಹೆಸರು ಕಪ್ಪಾಗಿ ಕಾಣುತ್ತದೆ. ಹಾಳೆ ಬದಲಾಗಿಲ್ಲ, ನೀವು ನೋಡಿದ ಬೆಳಕು ಬದಲಾಗಿದೆ.

ಇನ್ನು ಮುಂದೆ ಆಕಾಶದ ಚಿತ್ರ ಸಿಕ್ಕಿದಾಗ ಮೂರು ಪ್ರಶ್ನೆ ಕೇಳಿ: ಯಾವ ಯಾವ ಬೆಳಕಿನಲ್ಲಿ ತೆಗೆದದ್ದು? ಯಾವುದಕ್ಕೆ ಯಾವ ಬಣ್ಣ ಕೊಟ್ಟಿದ್ದಾರೆ? ಯಾವುದನ್ನು ಹೆಚ್ಚಿಸಿದ್ದಾರೆ? ಉತ್ತರ ಸಿಕ್ಕರೆ ಚಿತ್ರದ ಕೆಳಗೆ ಪೆನ್ಸಿಲಿನಿಂದ ಬರೆದಿಡಿ. ನಿಮ್ಮ ನಂತರ ಆ ಗೋಡೆಯ ಮುಂದೆ ನಿಲ್ಲುವ ತಮ್ಮ ತಂಗಿಯರಿಗೆ ಅದು ನೆರವಾಗುತ್ತದೆ.